ಹೆಡ್‌ಫೋನಿನಲ್ಲಿ ಚೆಂದ, ಸ್ಟೇಜಿನಲ್ಲಿ ಕಿರಿಕಿರಿ: ಗಿಟಾರ್ ಟೋನ್‌ಗೆ ಒಂದು ಸಲಹೆ

ಮಲ್ಟಿ ಎಫೆಕ್ಟ್ಸ್ (ಹಲವು ಎಫೆಕ್ಟ್‌ಗಳಿರುವ ಒಂದೇ ಪೆಟ್ಟಿಗೆ) ಅಥವಾ ಲ್ಯಾಪ್‌ಟಾಪ್‌ನಲ್ಲಿ ಟೋನ್ ಮಾಡುವವರು ಮೊದಲು ವಾಲ್ಯೂಮ್ ನೋಡಿಕೊಳ್ಳಿ. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ಬಾಸ್ ಕಮ್ಮಿ ಕೇಳಿಸುತ್ತದೆ, ಟ್ರೆಬಲ್ ಕೂಡ ಸ್ವಲ್ಪ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ರಾತ್ರಿ ಮೆಲ್ಲಗೆ ನುಡಿಸುತ್ತಾ ಎರಡನ್ನೂ ಏರಿಸಿರುತ್ತೇವೆ. ಸ್ಟೇಜಿನಲ್ಲಿ ಜೋರು ಮಾಡಿದರೆ ಅದೇ ಟೋನ್ ಗುಂಯ್‌ಗುಡುತ್ತದೆ, ಕಿವಿಗೂ ಚುಚ್ಚುತ್ತದೆ. ಹಾಗಾಗಿ ಕೊನೆಯ ತಿದ್ದುಪಡಿಯನ್ನಾದರೂ ಕಾರ್ಯಕ್ರಮದ ವಾಲ್ಯೂಮ್‌ನಲ್ಲೇ ಮಾಡಿ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಬಿಡಿ!

ಪಿಎ (ಕಾರ್ಯಕ್ರಮದ ದೊಡ್ಡ ಸ್ಪೀಕರ್‌ಗಳು), ಸ್ಟುಡಿಯೋ ಮಾನಿಟರ್, ಹೆಡ್‌ಫೋನ್ ಆದರೆ ಕ್ಯಾಬ್ ಸಿಮ್ (ಗಿಟಾರ್ ಸ್ಪೀಕರ್ ಕ್ಯಾಬಿನೆಟ್‌ನ ಸದ್ದನ್ನು ಅನುಕರಿಸುವ ಸೆಟ್ಟಿಂಗ್) ಆನ್ ಇರಲಿ. ಗಿಟಾರ್ ಆಂಪ್‌ನ ಎಫೆಕ್ಟ್ಸ್ ರಿಟರ್ನ್‌ಗೆ (ಆಂಪ್‌ನ ಟೋನ್ ಭಾಗವನ್ನು ಬಿಟ್ಟು ನೇರ ಪವರ್ ಭಾಗಕ್ಕೆ ಹೋಗುವ ಜಾಕ್) ಹಾಕಿದರೆ ಆಫ್ ಮಾಡಿ. ಇಲ್ಲದಿದ್ದರೆ ಒಂದರ ಮೇಲೊಂದು ಎರಡು ಕ್ಯಾಬಿನೆಟ್ ಆಗಿ ಸದ್ದು ಮಂಕಾಗುತ್ತದೆ.

12 ಇಂಚಿನ ಗಿಟಾರ್ ಸ್ಪೀಕರ್‌ನ ಸದ್ದು ಸುಮಾರು 5 ಕಿಲೋಹರ್ಟ್ಸ್ ದಾಟಿದರೆ ಬೇಗ ಇಳಿಯುತ್ತದೆ. ಪಿಎ ಸ್ಪೀಕರ್ ಹಾಗಲ್ಲ, ಮೇಲಿನದ್ದನ್ನೆಲ್ಲ ಕೇಳಿಸುತ್ತದೆ. ಜೇನುನೊಣದಂಥ ಕಿರಿಕಿರಿ ಸದ್ದು ಬರುವುದು ಅಲ್ಲಿಂದಲೇ. ಕ್ಯಾಬ್ ಸಿಮ್‌ನಲ್ಲಿ ಹೈ ಕಟ್ (ಅದರ ಮೇಲಿನದ್ದನ್ನು ಕಡಿಯುವುದು) 6ರಿಂದ 8 ಕಿಲೋಹರ್ಟ್ಸ್, ಲೋ ಕಟ್ (ಕೆಳಗಿನದ್ದನ್ನು ಕಡಿಯುವುದು) 80ರಿಂದ 100 ಹರ್ಟ್ಸ್ ಇಟ್ಟು ನೋಡಿ. ದಪ್ಪ ಇ ತಂತಿಯೇ 82 ಹರ್ಟ್ಸ್. ಅದಕ್ಕಿಂತ ಕೆಳಗಿನ ಜಾಗ ಬಾಸ್ ಗಿಟಾರಿನವರದ್ದು, ಅಲ್ವಾ?

ಮಾನಿಟರ್ ಮೂಲೆಯಲ್ಲಿದ್ದರೆ ಬಾಸ್ ಉಬ್ಬುತ್ತದೆ. ಅದಕ್ಕೆಂದು ಸುಮ್ನೆ ಪ್ಯಾಚ್ (ನೀವು ಉಳಿಸಿಟ್ಟ ಟೋನ್) ಕೆದಕಬೇಡಿ. ಜಾಗದ ತೊಂದರೆಯನ್ನು ಗ್ಲೋಬಲ್ ಇಕ್ಯೂನಲ್ಲೇ (ಎಲ್ಲ ಪ್ಯಾಚ್‌ಗೂ ಒಟ್ಟಿಗೆ ಅನ್ವಯಿಸುವ ಬಾಸ್, ಟ್ರೆಬಲ್ ಹೊಂದಾಣಿಕೆ) ಸರಿಮಾಡಿ. ಮರುದಿನ ಅದನ್ನು ಫ್ಲಾಟ್ ಮಾಡಿದರೆ ನಿಮ್ಮ ಟೋನ್ ಹಾಗೇ ಇರುತ್ತದೆ. ಸ್ಟೀರಿಯೋ ಕೋರಸ್, ಡಿಲೇ ಹಾಕಿದ್ದರೆ ಒಮ್ಮೆ ಮೋನೋದಲ್ಲೂ (ಎಡ, ಬಲ ಸೇರಿ ಒಂದೇ ಚಾನೆಲ್) ಕೇಳಿ.