ಹಳೆಯ ಪಿಎಸ್2 ಅನ್ನು ಪುಟ್ಟ ಮಗುವಿಗೆ ಹೊಂದಿಸುವುದು ಹೇಗೆ?

ಅಟ್ಟದ ಮೇಲೆ ಹಳೇ ಪ್ಲೇಸ್ಟೇಷನ್ 2 ಇದೆಯಾ? ಇದ್ದರೆ ಗುಜರಿಗೆ ಹಾಕಬೇಡಿ. ನಾಲ್ಕೈದು ವರ್ಷದ ಮಗು ಇರುವ ಮನೆಗೆ ಇದಕ್ಕಿಂತ ಒಳ್ಳೆಯ ಗೇಮ್ ಮೆಷಿನ್ ಸಿಗುವುದು ಕಷ್ಟ. ಇದರಲ್ಲಿ ಜಾಹೀರಾತು ಬರುವುದಿಲ್ಲ. ನಡುವೆ ನಿಂತು ದುಡ್ಡು ಕೇಳುವುದಿಲ್ಲ. ಗುರುತಿಲ್ಲದವರು ಮೆಸೇಜ್ ಕಳಿಸುವುದಿಲ್ಲ. ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಕಾಟವೂ ಇಲ್ಲ. ಫೋನ್ ಕೊಟ್ಟು ಮಗುವನ್ನು ಕೂರಿಸುವುದಕ್ಕಿಂತ ಟಿವಿ ಮುಂದೆ ನಾವೂ ಪಕ್ಕದಲ್ಲಿ ಕೂತು ಆಡಿಸುವುದು ಎಷ್ಟೋ ಮೇಲು ಅಲ್ವಾ?

ಸೋನಿ ಇದನ್ನು 2000ನೇ ಇಸವಿಯಲ್ಲಿ ಜಪಾನಿನಲ್ಲಿ ಬಿಟ್ಟಿತು, 2013ರ ಹೊತ್ತಿಗೆ ತಯಾರಿಕೆ ನಿಲ್ಲಿಸಿತು. ಜಗತ್ತಿನಾದ್ಯಂತ 15 ಕೋಟಿಗೂ ಹೆಚ್ಚು ಮಾರಾಟವಾದ ಮೆಷಿನ್ ಇದು, ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಇವತ್ತಿಗೂ ಸಿಗುತ್ತದೆ. ಆದರೆ ಇದ್ದದ್ದು ಇದ್ದ ಹಾಗೇ ಮಗುವಿನ ಕೈಗೆ ಕೊಟ್ಟರೆ ನಡೆಯುವುದಿಲ್ಲ. ಮಗುವಿಗೆ ಓದಲು ಬರುವುದಿಲ್ಲ, ಡಿಸ್ಕ್ ಮೇಲೆ ಗೀರು ಬೀಳುತ್ತದೆ, ಮುಚ್ಚಳ ತೆಗೆದು ಒಳಗಿನ ಲೆನ್ಸ್‌ಗೆ ಬೆರಳಿಡುತ್ತದೆ, ಮೆನುವಿನಲ್ಲಿ ಏನೋ ಒತ್ತಿ ಅಣ್ಣನ ಸೇವ್ (ಆಡಿ ಉಳಿಸಿಟ್ಟ ಆಟ) ಅಳಿಸಿ ಹಾಕುತ್ತದೆ.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಪಿಎಸ್2 ಮಾಡ್ ಮಾಡುವ, ಅಂದರೆ ನಮಗೆ ಬೇಕಾದ ಹಾಗೆ ಮಾರ್ಪಡಿಸುವ ಬಗ್ಗೆ ಬೇಕಾದಷ್ಟು ಸಿಗುತ್ತದೆ. ಎಲ್ಲರ ಗುರಿಯೂ ಒಂದೇ, ನೂರಾರು ಗೇಮ್ ತುಂಬುವುದು. ನಮ್ಮ ಕೆಲಸ ಉಲ್ಟಾ. ಮಗುವಿಗೆ ಬೇಡದ್ದನ್ನೆಲ್ಲ ಒಂದೊಂದಾಗಿ ತೆಗೆಯುತ್ತಾ ಹೋಗಬೇಕು. ಪವರ್ ಒತ್ತಿದರೆ ಐದಾರು ಗೇಮ್‌ಗಳು, ಜೊತೆಗೆ ಅವುಗಳ ಚಿತ್ರ. ಒಂದನ್ನು ಆರಿಸಿ ಬಟನ್ ಒತ್ತಿದರೆ ಆಟ. ಅಷ್ಟೇ.

ಮೊದಲು ಮಾಡೆಲ್ ನೋಡಿ

ಪಿಎಸ್2 ಎರಡು ಬಗೆ. ದಪ್ಪಗಿನ ಹಳೆಯದು ಒಂದು, 2004ರಿಂದ ಬಂದ ತೆಳ್ಳಗಿನ ಸ್ಲಿಮ್ ಇನ್ನೊಂದು. ನಮ್ಮಲ್ಲಿ ಹೆಚ್ಚಾಗಿ ಕಾಣಸಿಗುವುದು ಸ್ಲಿಮ್, ಹಾಗಾಗಿ ಇಲ್ಲಿ ಅದನ್ನೇ ಹಿಡಿದು ಹೇಳುತ್ತೇನೆ. ಅಂಟಿಸಿರುವ ಸ್ಟಿಕ್ಕರ್‌ನಲ್ಲಿ ಎಸ್‌ಸಿಪಿಎಚ್ ಎಂಬ ಅಕ್ಷರಗಳ ಮುಂದೆ ಒಂದು ಸಂಖ್ಯೆ ಇರುತ್ತದೆ. 70, 75, 77 ಅಥವಾ 79 ಸಾವಿರದ ಸರಣಿಯಾದರೆ ನಿಶ್ಚಿಂತೆ. 90 ಸಾವಿರದ ಸರಣಿಯಾದರೆ ಅದೇ ಸ್ಟಿಕ್ಕರ್‌ನಲ್ಲಿ ಡೇಟ್ ಕೋಡ್ ಕೂಡ ನೋಡಿ. 8ಸಿ ಅಥವಾ ಅದರ ನಂತರದ್ದಾದರೆ ಮುಂದೆ ಹೇಳುವ ದಾರಿಯಲ್ಲಿ ಒಂದು ತಿರುವು ಇದೆ.

ಸಾಫ್ಟ್‌ವೇರ್‌ಗೆ ಕೈ ಹಾಕುವ ಮುಂಚೆ ಮೆಷಿನ್ ಸರಿಯಾಗಿದೆಯಾ ನೋಡಿಕೊಳ್ಳಿ. ಗಾಳಿ ಹೋಗುವ ಕಿಂಡಿಗಳಲ್ಲಿ ವರ್ಷಗಳ ಧೂಳು ಕೂತಿರುತ್ತದೆ, ಮೆತ್ತಗಿನ ಬ್ರಷ್‌ನಿಂದ ತೆಗೆಯಿರಿ. ಕಂಟ್ರೋಲರ್‌ನ ಬಟನ್ ಒತ್ತಿದರೆ ಕೆಲಸ ಮಾಡದಿದ್ದರೆ ಅದನ್ನು ಬಿಚ್ಚಿ, ಬಟನ್‌ಗಳ ಕೆಳಗಿನ ರಬ್ಬರ್ ಮತ್ತು ಪ್ಲಾಸ್ಟಿಕ್ ಹಾಳೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಬಹಳಷ್ಟು ಕಂಟ್ರೋಲರ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ.

ಇನ್ನೊಂದು ವಿಷಯ, ಇದು ಮುಖ್ಯ. ಆನ್ ಮಾಡಿದಾಗಲೆಲ್ಲ ಮೆಷಿನ್ ಭಾಷೆ ಯಾವುದು, ದಿನಾಂಕ ಎಷ್ಟು ಎಂದು ಕೇಳುತ್ತಿದ್ದರೆ ಒಳಗಿನ ಬಟನ್ ಬ್ಯಾಟರಿ ಸತ್ತಿದೆ ಎಂದರ್ಥ. ಓದಲು ಬಾರದ ಮಗು ಅಲ್ಲೇ ನಿಂತುಬಿಡುತ್ತದೆ, ಹಾಗಾಗಿ ಅದನ್ನು ಬದಲಿಸಿ. ಆದರೆ ಆ ಕೆಲಸವನ್ನು ಮಗು ಮಲಗಿದ ಮೇಲೆ ಮಾಡಿ. ನಾಣ್ಯದಂತಿರುವ ಈ ಬ್ಯಾಟರಿಯನ್ನು ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು. ತೆಗೆದ ಹಳೆಯ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಬೇಡಿ, ಟೇಪ್ ಸುತ್ತಿ ಮಗುವಿನ ಕೈಗೆ ಸಿಗದ ಕಡೆ ಎತ್ತಿಡಿ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಮೆಮೊರಿ ಕಾರ್ಡ್‌ನಲ್ಲೇ ಮಾಡ್

ಹಿಂದೆಲ್ಲ ಪಿಎಸ್2 ಮಾಡ್ ಮಾಡುವುದೆಂದರೆ ಮೆಷಿನ್ ಬಿಚ್ಚಿ ಚಿಪ್ ಬೆಸುಗೆ ಹಾಕಬೇಕಿತ್ತು. ಈಗ ಆ ಗೋಜಿಲ್ಲ. ಫ್ರೀ ಮೆಕ್‌ಬೂಟ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಪಿಎಸ್2 ಆನ್ ಆದಾಗ ತನ್ನ ಸಿಸ್ಟಮ್‌ಗೆ ಏನಾದರೂ ಅಪ್‌ಡೇಟ್ ಇದೆಯಾ ಎಂದು ಮೆಮೊರಿ ಕಾರ್ಡ್‌ನಲ್ಲಿ, ಅಂದರೆ ಸೇವ್‌ಗಳನ್ನು ಇಡಲು ಮೆಷಿನ್‌ಗೆ ಸಿಕ್ಕಿಸುವ ಕಾರ್ಡ್‌ನಲ್ಲಿ, ಹುಡುಕುತ್ತದೆ. ಫ್ರೀ ಮೆಕ್‌ಬೂಟ್ ಆ ಅಪ್‌ಡೇಟ್‌ನ ಜಾಗದಲ್ಲಿ ಕೂತು, ನಮಗೆ ಬೇಕಾದ ಪ್ರೋಗ್ರಾಂ ಅನ್ನು ಓಡಿಸುತ್ತದೆ. ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ಏನೆಂದರೆ, ಕಾರ್ಡ್ ಕಿತ್ತರೆ ಮೆಷಿನ್ ಮೊದಲಿನಂತೆಯೇ ಇರುತ್ತದೆ, ಒಳಗೆ ಏನೂ ಬದಲಾಗಿರುವುದಿಲ್ಲ. ಮೇಲೆ ಹೇಳಿದ ಕೊನೆಯ ಮಾಡೆಲ್‌ಗಳಲ್ಲಿ ಸೋನಿ ಈ ದಾರಿ ಮುಚ್ಚಿದೆ. ಅವಕ್ಕೆ ಓಪನ್‌ಟ್ಯೂನಾ ಎಂಬ ಇನ್ನೊಂದನ್ನು ಹಾಕಿಕೊಳ್ಳಬೇಕು, ಅದೂ ಮೆಮೊರಿ ಕಾರ್ಡ್‌ನಲ್ಲೇ ಇರುತ್ತದೆ.

ಕಾರ್ಡ್‌ಗೆ ಇದನ್ನು ಹಾಕುವುದು ಹೇಗೆ? ಸುಲಭದ ದಾರಿ, ಮೊದಲೇ ಹಾಕಿಟ್ಟ ಕಾರ್ಡ್ ಕೊಳ್ಳುವುದು. ಆನ್‌ಲೈನ್‌ನಲ್ಲಿ ಮಾರುತ್ತಾರೆ. ನೀವೇ ಮಾಡುತ್ತೀರಾದರೆ ಫ್ರೀಡಿವಿಡಿಬೂಟ್ ಬಳಸಿ. ಇದು 2020ರಲ್ಲಿ ಬಂತು, ಪಿಎಸ್2ನ ಡಿವಿಡಿ ಪ್ಲೇಯರ್‌ನಲ್ಲಿದ್ದ ಒಂದು ದೋಷವನ್ನು ಬಳಸಿಕೊಳ್ಳುತ್ತದೆ. ಸ್ಲಿಮ್‌ಗೆಂದೇ ಇರುವ ಅದರ ಐಎಸ್‌ಒ ಫೈಲ್ (ಇಡೀ ಡಿಸ್ಕ್‌ನ ನಕಲು ಒಂದೇ ಫೈಲ್‌ನಲ್ಲಿ) ಅನ್ನು ಕಂಪ್ಯೂಟರ್‌ನಲ್ಲಿ ಖಾಲಿ ಡಿವಿಡಿಗೆ ಬರ್ನ್ ಮಾಡಿ. ಸ್ಪೀಡ್ ಕಡಿಮೆ ಇಟ್ಟುಕೊಳ್ಳಿ. ಪಿಎಸ್2ನ ಭಾಷೆಯನ್ನು ಇಂಗ್ಲಿಷ್‌ಗೆ ಬದಲಿಸಿ, ಇಲ್ಲದಿದ್ದರೆ ಡಿಸ್ಕ್ ಓಡುವುದಿಲ್ಲ. ಡಿಸ್ಕ್ ಹಾಕಿದರೆ ಯುಲಾಂಚ್‌ಎಲ್ಫ್ ಎಂಬ ಫೈಲ್ ಮೆನು ತೆರೆದುಕೊಳ್ಳುತ್ತದೆ. ಫ್ರೀ ಮೆಕ್‌ಬೂಟ್ ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್ ಚುಚ್ಚಿ, ಆ ಮೆನುವಿನಿಂದಲೇ ಅದನ್ನು ಓಡಿಸಿ, ಕಾರ್ಡ್‌ಗೆ ಇನ್‌ಸ್ಟಾಲ್ ಮಾಡಿ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿರಲಿ (ಡ್ರೈವ್‌ನಲ್ಲಿ ಫೈಲ್ ಜೋಡಿಸುವ ಒಂದು ಪದ್ಧತಿ ಅದು). ಕಾರ್ಡ್ ಸೋನಿಯದೇ 8 ಎಂಬಿ ಕಾರ್ಡ್ ಆದರೆ ಒಳ್ಳೆಯದು. ಅಗ್ಗದ ನಕಲಿ ಕಾರ್ಡ್‌ಗಳಲ್ಲಿ ಮ್ಯಾಜಿಕ್‌ಗೇಟ್ ಎಂಬ ಭದ್ರತಾ ವ್ಯವಸ್ಥೆ ಇಲ್ಲದಿದ್ದರೆ ಇನ್‌ಸ್ಟಾಲ್ ಅರ್ಧಕ್ಕೇ ನಿಲ್ಲುತ್ತದೆ.

ಡಿಸ್ಕ್ ಬೇಡ, ಚಿತ್ರ ಸಾಕು

ಈಗ ಓಪನ್ ಪಿಎಸ್2 ಲೋಡರ್, ಎಲ್ಲರೂ ಕರೆಯುವ ಹೆಸರಲ್ಲಿ ಒಪಿಎಲ್. ಇದು ಗೇಮ್ ಅನ್ನು ಡಿಸ್ಕ್ ಬದಲು ಪೆನ್‌ಡ್ರೈವ್‌ನಿಂದ ಓಡಿಸುತ್ತದೆ. ಮಗುವಿನ ಮಟ್ಟಿಗೆ ದೊಡ್ಡ ಲಾಭ ಇರುವುದು ಇಲ್ಲೇ. ಡಿಸ್ಕ್ ಮುಟ್ಟುವ ಅಗತ್ಯವೇ ಇಲ್ಲ, ಹಳೆಯ ಲೆನ್ಸ್‌ಗೂ ವಿಶ್ರಾಂತಿ.

ನಿಮ್ಮ ಬಳಿ ಇರುವ ಅಸಲಿ ಡಿಸ್ಕ್ ಅನ್ನು ಕಂಪ್ಯೂಟರ್‌ನ ಡಿವಿಡಿ ಡ್ರೈವ್‌ಗೆ ಹಾಕಿ, ಇಮ್ಜ್‌ಬರ್ನ್‌ನಂಥ ಪ್ರೋಗ್ರಾಂನಿಂದ ಐಎಸ್‌ಒ ಫೈಲ್ ಮಾಡಿಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಡಿವಿಡಿ ಎಂಬ ಹೆಸರಿನ ಫೋಲ್ಡರ್ ಮಾಡಿ ಅದರೊಳಗೆ ಹಾಕಿ. ಹಿಂಬದಿ ನೀಲಿಯಾಗಿರುವ ಸಿಡಿ ಗೇಮ್ ಆದರೆ ಸಿಡಿ ಫೋಲ್ಡರ್. ಎರಡೂ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿರಲಿ. ನೆಟ್‌ನಿಂದ ಗೇಮ್ ಇಳಿಸಿಕೊಳ್ಳಬೇಡಿ. ಅದು ಕಳ್ಳಮಾಲು, ಜೊತೆಗೆ ನಮಗೆ ಬೇಕಿರುವುದು ಐದಾರು ಗೇಮ್ ಮಾತ್ರ. ಅಷ್ಟು ಹಳೇ ಡಿಸ್ಕ್‌ಗಳು ಮನೆಯಲ್ಲೋ ಗೆಳೆಯರ ಬಳಿಯೋ ಕಡಿಮೆ ದುಡ್ಡಿಗೆ ಸಿಕ್ಕೇ ಸಿಗುತ್ತವೆ.

ಎರಡು ಸೂಕ್ಷ್ಮ ಇವೆ. ಫ್ಯಾಟ್32ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಹೊಸ ಒಪಿಎಲ್ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟನ್ನೂ ಓದುತ್ತದೆ, ಅದನ್ನು ಬಳಸಿ. ಫೈಲ್ ಡ್ರೈವ್‌ನಲ್ಲಿ ತುಂಡುತುಂಡಾಗಿ ಹರಡಿದ್ದರೆ ಗೇಮ್ ತೆರೆಯುವುದಿಲ್ಲ, ಆದ್ದರಿಂದ ಆಗತಾನೇ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಒಂದೊಂದಾಗಿ ಕಾಪಿ ಮಾಡಿ. ಪಿಎಸ್2ನ ಯುಎಸ್‌ಬಿ 1.1 ಕಾಲದ್ದು, ನಿಧಾನ. ಆಟ ಚೆನ್ನಾಗಿ ನಡೆದರೂ ನಡುವಿನ ವಿಡಿಯೊಗಳು ತಡವರಿಸುತ್ತವೆ. ಅದು ಸಹಿಸಲು ಆಗದಿದ್ದರೆ ಎಂಎಕ್ಸ್4ಎಸ್‌ಐಒ ಎಂಬ ಪುಟ್ಟ ಅಡಾಪ್ಟರ್ ತನ್ನಿ. ಎಸ್‌ಡಿ ಕಾರ್ಡ್ ಹಾಕಿ ಎರಡನೇ ಮೆಮೊರಿ ಕಾರ್ಡ್ ಜಾಗಕ್ಕೆ ಸಿಕ್ಕಿಸುವ ವಸ್ತು ಅದು. ಯುಎಸ್‌ಬಿಗಿಂತ ವೇಗ.

ಇನ್ನು ಚಿತ್ರ. ಒಪಿಎಲ್‌ನ ಪಟ್ಟಿಯಲ್ಲಿ ಮೇಲೆ ಕೆಳಗೆ ಹೋದಂತೆ ಪಕ್ಕದಲ್ಲಿ ಆ ಗೇಮ್‌ನ ಚಿತ್ರ ಬದಲಾಗುತ್ತದೆ. ಚಿತ್ರಗಳನ್ನು ಆರ್ಟ್ ಎಂಬ ಫೋಲ್ಡರ್‌ನಲ್ಲಿ, ಗೇಮ್‌ನ ಐಡಿ ಸಂಖ್ಯೆಯ ಹೆಸರಿನಲ್ಲಿ ಇಡಬೇಕು. ಒಪಿಎಲ್ ಮ್ಯಾನೇಜರ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಈ ಹೆಸರಿಡುವ ತಲೆನೋವನ್ನು ತಾನೇ ನೋಡಿಕೊಳ್ಳುತ್ತದೆ. ಆದರೆ ಡಬ್ಬಿಯ ಮೇಲಿನ ಅಸಲಿ ಚಿತ್ರವೇ ಬೇಕೆಂದೇನಿಲ್ಲ. ಕಾರಿನ ಆಟಕ್ಕೆ ಮಗುವಿನ ಕೈಯಲ್ಲೇ ಒಂದು ಕಾರು ಬರೆಸಿ, ಅದರ ಫೋಟೊ ತೆಗೆದು ಹಾಕಿ. ಈ ಇಡೀ ಕೆಲಸದಲ್ಲಿ ಒಂದು ಕಡೆ ಜಾಸ್ತಿ ಸಮಯ ಹಾಕುವುದಾದರೆ ಇಲ್ಲಿ ಹಾಕಿ ಎಂದು ನಾನು ಹೇಳುತ್ತೇನೆ. ತಾನೇ ಬರೆದ ಚಿತ್ರವನ್ನು ಮಗು ಯಾರ ಸಹಾಯವೂ ಇಲ್ಲದೆ ಗುರುತು ಹಿಡಿಯುತ್ತದೆ, 'ಅಮ್ಮಾ, ಇದರಲ್ಲಿ ಏನು ಬರೆದಿದೆ' ಎಂದು ಪ್ರತಿ ಸಲ ಕೇಳಬೇಕಾಗಿಲ್ಲ.

ಬೀಗ ಹಾಕುವ ಕೆಲಸ

ಫ್ರೀ ಮೆಕ್‌ಬೂಟ್‌ನ ಕಾನ್ಫಿಗರೇಟರ್ (ಅದರ ಸೆಟ್ಟಿಂಗ್ಸ್ ಬದಲಿಸುವ ಪ್ರೋಗ್ರಾಂ) ತೆರೆದು, ಆನ್ ಆದ ಕೂಡಲೇ ನೇರ ಒಪಿಎಲ್ ತೆರೆಯುವಂತೆ ಮಾಡಿ. ಕಂಟ್ರೋಲರ್‌ನ ಯಾವುದಾದರೂ ಬಟನ್ ಹಿಡಿದುಕೊಂಡು ಆನ್ ಮಾಡಿದರೆ ಮಾತ್ರ ಬೇರೆ ಪ್ರೋಗ್ರಾಂ ತೆರೆಯಲಿ, ಆ ಬಟನ್ ಯಾವುದೆಂದು ನಿಮಗೆ ಮಾತ್ರ ಗೊತ್ತಿರಲಿ. ಒಪಿಎಲ್ ಒಳಗೆ ಯುಎಸ್‌ಬಿ ಪಟ್ಟಿ ತಾನಾಗಿ ತೆರೆಯುವಂತೆ ಇಡಿ. ಫೈಲ್ ಅಳಿಸುವ, ಹೆಸರು ಬದಲಿಸುವ ಸೌಲಭ್ಯವನ್ನು ಆಫ್ ಮಾಡಿ. ಪೇರೆಂಟಲ್ ಲಾಕ್‌ನಲ್ಲಿ ಪಾಸ್‌ವರ್ಡ್ ಹಾಕಿದರೆ ಸೆಟ್ಟಿಂಗ್ಸ್‌ಗೂ ಬೀಗ ಬೀಳುತ್ತದೆ. ಕೊನೆಗೆ ಸೇವ್ ಮಾಡುವುದನ್ನು ಮರೆಯಬೇಡಿ.

ಆಟದಿಂದ ಪಟ್ಟಿಗೆ ವಾಪಸ್ ಬರಲು ಎಲ್1, ಎಲ್2, ಆರ್1, ಆರ್2, ಸ್ಟಾರ್ಟ್, ಸೆಲೆಕ್ಟ್ ಆರೂ ಬಟನ್ ಒಟ್ಟಿಗೆ ಒತ್ತಬೇಕು. ಪುಟ್ಟ ಕೈಗಳಿಗೆ ಇದು ಆಗದು, ಆಗದಿರುವುದೇ ಒಳ್ಳೆಯದು. ಆಟ ಬದಲಿಸಬೇಕೆಂದರೆ ಮಗು ನಿಮ್ಮನ್ನು ಕರೆಯಲೇಬೇಕು.

ಹೊರಗಿನ ಬೀಗವೂ ಬೇಕು. ಸ್ಲಿಮ್‌ನ ಮುಚ್ಚಳ ಮೇಲಕ್ಕೆ ತೆರೆಯುತ್ತದೆ, ಅದನ್ನು ಎಲೆಕ್ಟ್ರಿಕಲ್ ಟೇಪ್‌ನಿಂದ ಮುಚ್ಚಿಬಿಡಿ. ಗಾಳಿಯ ಕಿಂಡಿಗೆ ಟೇಪ್ ತಾಗದಿರಲಿ. ಪೆನ್‌ಡ್ರೈವ್ ಉದ್ದದ್ದು ಬೇಡ, ಉಗುರಿನಷ್ಟೇ ಹೊರಗೆ ಕಾಣುವ ನ್ಯಾನೊ ಡ್ರೈವ್ ಆದರೆ ಮಗುವಿನ ಕಣ್ಣಿಗೂ ಕೈಗೂ ಬೀಳುವುದಿಲ್ಲ. ಮೆಷಿನ್ ಅನ್ನು, ಹೊರಗೆ ಅಡಾಪ್ಟರ್ ಇದ್ದರೆ ಅದನ್ನೂ ಟಿವಿ ಹಿಂದೆ ಎತ್ತರದಲ್ಲಿಟ್ಟು, ಕಂಟ್ರೋಲರ್‌ಗೆ ಎಕ್ಸ್‌ಟೆನ್ಷನ್ ವೈರ್ ಹಾಕಿ. ಆಟ ಮುಗಿದ ಮೇಲೆ ವೈರ್ ಸುತ್ತಿ ಎತ್ತಿಡಿ, ಎಡವುವ ಭಯ ಅಷ್ಟೇ ಅಲ್ಲ, ಪುಟ್ಟ ಮಕ್ಕಳು ವೈರ್ ಅನ್ನು ಕುತ್ತಿಗೆಗೆ ಸುತ್ತಿಕೊಳ್ಳುತ್ತಾರೆ.

ಹೊಸ ಟಿವಿಗಳಲ್ಲಿ ಹಳದಿ, ಬಿಳಿ, ಕೆಂಪು ಪಿನ್‌ನ ಜಾಗವೇ ಇರುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಅಥವಾ ಆನ್‌ಲೈನ್‌ನಲ್ಲಿ ಪಿಎಸ್2ಗೆಂದೇ ಇರುವ ಎಚ್‌ಡಿಎಂಐ ಅಡಾಪ್ಟರ್ ಕೇಳಿ. ಅದನ್ನು ಹಾಕಿದಾಗ ಬಣ್ಣ ಕೆಟ್ಟಂತೆ ಕಂಡರೆ ಪಿಎಸ್2 ಸೆಟ್ಟಿಂಗ್ಸ್‌ನ ಕಾಂಪೊನೆಂಟ್ ವಿಡಿಯೊದಲ್ಲಿ ಆರ್‌ಜಿಬಿ ಬದಲು ಇನ್ನೊಂದನ್ನು ಆರಿಸಿ.

ಯಾವ ಗೇಮ್?

ಇಲ್ಲಿ ನನ್ನ ಆಯ್ಕೆ ಸ್ಪಷ್ಟ. 2005ರ ಲೆಗೊ ಸ್ಟಾರ್ ವಾರ್ಸ್ ಮೊದಲು. ಸತ್ತರೆ ಒಂದಷ್ಟು ಬಿಲ್ಲೆಗಳು ಚೆಲ್ಲುತ್ತವೆ ಅಷ್ಟೇ, ಆಟ ಮುಗಿಯುವುದಿಲ್ಲ. ಎರಡನೇ ಕಂಟ್ರೋಲರ್ ಹಿಡಿದು ನೀವು ಯಾವಾಗ ಬೇಕಾದರೂ ಒಳಗೆ ಬರಬಹುದು, ಹೊರಗೆ ಹೋಗಬಹುದು. ಬಟನ್ ಹಿಡಿಯಲೇ ಬಾರದ ಮಗುವಿಗೆ ಪಿಎಸ್2ಗೆ ಸಿಕ್ಕಿಸುವ ಐಟಾಯ್ ಕ್ಯಾಮೆರಾ ಹುಡುಕಿ. 2003ರ ಐಟಾಯ್ ಪ್ಲೇನಲ್ಲಿ ಟಿವಿ ಮುಂದೆ ನಿಂತು ಕೈ ಬೀಸಿದರೆ ಸಾಕು, ತನ್ನನ್ನೇ ಟಿವಿಯಲ್ಲಿ ನೋಡುತ್ತಾ ಮಗು ಕುಣಿಯುತ್ತದೆ. 2006ರ ಬಝ್ ಜೂನಿಯರ್ ಜಂಗಲ್ ಪಾರ್ಟಿಯೂ ಚೆನ್ನ. ಬಝ್ ಗೇಮ್‌ಗಳ ಬಝರ್‌ನಲ್ಲಿ ಒಂದು ದೊಡ್ಡ ಕೆಂಪು ಬಟನ್, ಕೆಳಗೆ ನಾಲ್ಕು ಬಣ್ಣದ ಬಟನ್, ಪುಟ್ಟ ಕೈಗೆ ಹೇಳಿ ಮಾಡಿಸಿದ ಹಾಗಿದೆ. ಐಟಾಯ್ ಮತ್ತು ಬಝ್ ಎರಡೂ ಯುಎಸ್‌ಬಿಯನ್ನೇ ಬಳಸುವುದರಿಂದ ಪೆನ್‌ಡ್ರೈವ್‌ನಿಂದ ಓಡಿಸಿದರೆ ಕಿರಿಕಿರಿ ಮಾಡಬಹುದು. ಇವನ್ನು ಆಡುವ ದಿನ ಟೇಪ್ ತೆಗೆದು ನೀವೇ ಡಿಸ್ಕ್ ಹಾಕಿ. ನಮ್ಮ ದೇಶದ ಆಟಗಳಿರುವ ದೇಸಿ ಅಡ್ಡಾ ಸಿಕ್ಕರೆ ಬಿಡಬೇಡಿ, ಅದರಲ್ಲಿ ಕಬಡ್ಡಿಯೂ ಇದೆ, ನಮ್ಮ ಚಿನ್ನಿದಾಂಡೂ ಇದೆ.

ಮಗುವಿಗೆ ಕಷ್ಟವಾಗುವ ಗೇಮ್ ಅನ್ನು ಸುಲಭ ಮಾಡಲೂ ದಾರಿ ಇದೆ. ಒಪಿಎಲ್‌ನಲ್ಲಿ ಚೀಟ್ ಕೋಡ್ ಹಾಕುವ ವ್ಯವಸ್ಥೆ ಇದೆ, ಮುಗಿಯದ ಲೈಫ್ ಕೊಡುವ ಕೋಡ್ ಹಾಕಿದರೆ ಮಗು ಸೋತು ಅಳುವುದು ತಪ್ಪುತ್ತದೆ. ಐದು ವರ್ಷದ ಮಗುವಿಗೆ ಇದು ಮೋಸವಲ್ಲ, ಸೈಕಲ್‌ಗೆ ಪಕ್ಕದ ಎರಡು ಚಕ್ರ ಹಾಕಿಕೊಟ್ಟಂತೆ.

ಸಮಯದ ಲೆಕ್ಕ ಮಾತ್ರ ಮೆಷಿನ್ ಇಟ್ಟುಕೊಳ್ಳುವುದಿಲ್ಲ, ನೀವೇ ಇಟ್ಟುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ 2ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಟಿವಿ, ಫೋನ್ ಎಲ್ಲ ಸೇರಿಸಿ ಆ ಒಂದು ಗಂಟೆ. ಗಡಿಯಾರ ನೋಡಿ ಹೇಳುವುದಕ್ಕಿಂತ 'ಇನ್ನೊಂದು ಸಲ ಆಡಿ ನಿಲ್ಲಿಸೋಣ' ಎಂದರೆ ಈ ವಯಸ್ಸಿನ ಮಕ್ಕಳಿಗೆ ಅರ್ಥವಾಗುತ್ತದೆ.

ಎಲ್ಲ ಸರಿಯಾಗಿ ನಡೆದ ದಿನವೇ ಪೆನ್‌ಡ್ರೈವ್‌ನಲ್ಲಿರುವುದನ್ನು ಪೂರ್ತಿಯಾಗಿ ಕಂಪ್ಯೂಟರ್‌ಗೆ ಕಾಪಿ ಮಾಡಿಡಿ. ಫ್ರೀ ಮೆಕ್‌ಬೂಟ್ ಅನ್ನು ಇನ್ನೊಂದು ಮೆಮೊರಿ ಕಾರ್ಡ್‌ಗೂ ಹಾಕಿ ಬೀರುವಿನಲ್ಲಿಡಿ. ಮಗುವಿನ ಕೈಯಲ್ಲಿ ಮೊದಲು ಹಾಳಾಗುವುದು ಈ ಎರಡೇ.