ದೇವರ ನಂಬಿಕೆ ಹೋದ ಮೇಲೆ ನನ್ನ ಬೆಲೆ: ಒಬ್ಬ ನರ್ಸ್ ಅನುಭವ

"ದೇವರನ್ನ ನಂಬಲ್ಲ ಅಂದ್ರೆ ಜೀವಕ್ಕೆ ಏನು ಬೆಲೆ ಸಿಸ್ಟರ್?" ಈ ಪ್ರಶ್ನೆಯನ್ನು ನನಗೆ ಹಲವರು ಕೇಳಿದ್ದಾರೆ. ಕೆಲವರು ಜಗಳಕ್ಕೇ ಕೇಳಿದ್ದು. ಇನ್ನು ಕೆಲವರು ತಾವೂ ಅದೇ ತೊಳಲಾಟದಲ್ಲಿದ್ದು, ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳಿದ್ದು. ಈ ಎರಡನೆಯವರಿಗಾಗಿ ಬರೆಯುತ್ತಿದ್ದೇನೆ. ದೇವರು ಇದ್ದಾನೋ ಇಲ್ಲವೋ ಅನ್ನುವ ವಾದ ನನಗೆ ಬೇಡ. ನಂಬಿಕೆ ಹೋದ ಮೇಲೆ ನನ್ನ ಬಗ್ಗೆ ನನಗಿರಬೇಕಾದ ಗೌರವ ಎಲ್ಲಿ ಸಿಕ್ಕಿತು ಅಂತ ಮಾತ್ರ ಹೇಳುತ್ತೇನೆ.

ನಾನು ತಿಪಟೂರು ಕಡೆಯ ಹಳ್ಳಿಯವಳು. ಜಿಲ್ಲಾಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಎಲ್ಲದಕ್ಕೂ ದೇವರ ಮೇಲೆ ಭಾರ ಹಾಕುವ ಮನೆ ನಮ್ಮದು. ತೆಂಗಿಗೆ ರೋಗ ಬಂದರೂ ಹರಕೆ, ಹಸು ಕರು ಹಾಕಿದರೂ ಹರಕೆ. ನಾನು ಹುಟ್ಟಿದ್ದು ಮೂರನೇ ಹೆಣ್ಣಾಗಿ. "ಮತ್ತೆ ಹೆಣ್ಣಾ?" ಅಂತ ಮೂಗು ಮುರಿದವರಿಗೆಲ್ಲ ಅಮ್ಮ ಒಂದೇ ಮಾತು ಹೇಳುತ್ತಿದ್ದಳಂತೆ: "ದೇವರು ಇವಳನ್ನ ಏನಕ್ಕೋ ಕಳಿಸಿದ್ದಾನೆ." ಆ ಮಾತು ನನ್ನನ್ನು ಸಾಕಿತು. ನೆಂಟರ ಮನೆಯಲ್ಲಿ ಯಾರಾದರೂ ಹಗುರವಾಗಿ ಮಾತಾಡಿದರೆ, ನನ್ನನ್ನು ಕಳಿಸಿದವನಿಗೆ ನನ್ನ ಬೆಲೆ ಗೊತ್ತು ಅಂದುಕೊಂಡು ತಲೆ ಎತ್ತಿ ನಡೆಯುತ್ತಿದ್ದೆ. ಅದಕ್ಕೇ ನಂಬಿಕೆಯನ್ನು ಸುಮ್ನೆ ಮೌಢ್ಯ ಅಂತ ತಳ್ಳಿಹಾಕುವವರ ಜೊತೆ ನಾನು ಸೇರುವುದಿಲ್ಲ. ಅದು ನನಗೆ ಮಾಡಿದ ಉಪಕಾರ ದೊಡ್ಡದು.

ನಂಬಿಕೆ ಒಂದೇ ಏಟಿಗೆ ಹೋಗಲಿಲ್ಲ. ಮಕ್ಕಳ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತಾ ಸವೆದು ಹೋಯಿತು. ಅಕ್ಕಪಕ್ಕದ ಬೆಡ್ಡಿನ ಇಬ್ಬರು ತಾಯಂದಿರೂ ಮುಡಿಪು ಕಟ್ಟುತ್ತಿದ್ದರು. ಒಂದು ಮಗು ಮನೆಗೆ ಹೋಗುತ್ತಿತ್ತು, ಇನ್ನೊಂದು ಹೋಗುತ್ತಿರಲಿಲ್ಲ. ಉಳಿದ ಮಗುವನ್ನು ದೇವರು ಉಳಿಸಿದ ಅಂತ ಹೇಳಲು ನನಗೆ ಬಾಯಿ ಬಾರದಾಯಿತು. ಪಕ್ಕದ ಬೆಡ್ಡಿನ ತಾಯಿ ಅಲ್ಲೇ ಕೂತಿರುತ್ತಿದ್ದಳಲ್ಲ.

ಪೂಜೆ, ಉಪವಾಸ ಬಿಟ್ಟಿದ್ದು ಕಷ್ಟ ಅನ್ನಿಸಲಿಲ್ಲ. ಕಷ್ಟ ಆಗಿದ್ದು ಅಮ್ಮನ ಆ ಮಾತನ್ನು ಬಿಡುವುದು. ಕಳಿಸಿದವನೇ ಇಲ್ಲ ಅಂದ ಮೇಲೆ ನಾನು ಏನಕ್ಕೂ ಬಂದವಳಲ್ಲ. ಹಾಗಾದರೆ ಮೂಗು ಮುರಿದವರ ಲೆಕ್ಕವೇ ಸರಿಯಾ? ರಾತ್ರಿ ಮಲಗಿದರೆ ಇದೇ ಯೋಚನೆ.

ದಾರಿ ಸಿಕ್ಕಿದ್ದೂ ಆಸ್ಪತ್ರೆಯಲ್ಲೇ, ದೊಡ್ಡವರ ವಾರ್ಡಿನಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದ ಮುದುಕರೊಬ್ಬರನ್ನು 108 ಆಂಬುಲೆನ್ಸ್‌ನವರು ಕರೆತಂದರು. ಸ್ಟ್ರೋಕ್ ಆಗಿತ್ತು. ಪ್ರಜ್ಞೆ ಇಲ್ಲ. ಜೇಬಿನಲ್ಲಿ ಫೋನಿಲ್ಲ, ಆಧಾರ್ ಇಲ್ಲ, ಒಂದು ಚೀಟಿ ಕೂಡ ಇಲ್ಲ. ಕೇಸ್ ಶೀಟಿನ ಮೇಲೆ 'ಅನ್‌ನೋನ್ ಮೇಲ್, ಸುಮಾರು 70' ಅಂತ, ಅಂದರೆ ಗುರುತು ಗೊತ್ತಿಲ್ಲದ ಗಂಡಸು ಅಂತ, ಬರೆದುಕೊಂಡೆವು. ಪೊಲೀಸರು ವಿಚಾರಿಸಿದರೂ ವಾರಸುದಾರರು ಸಿಗಲಿಲ್ಲ.

ಅಂಥ ರೋಗಿಯನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಒತ್ತಡ ಬಿದ್ದು ಬೆಡ್‌ಸೋರ್, ಅಂದರೆ ಹುಣ್ಣು, ಆಗುತ್ತದೆ. ಮೂಗಿನ ಟ್ಯೂಬಿನಲ್ಲಿ ಗಂಜಿ ಹಾಕುವಾಗ ತಲೆ ಎತ್ತರದಲ್ಲಿರಬೇಕು, ಹಾಕಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಇರಬೇಕು. ಬಾಯಿ ಒಣಗದ ಹಾಗೆ ಒದ್ದೆ ಗಾಜ್ ಬಟ್ಟೆಯಿಂದ ನಾಲಿಗೆ, ವಸಡು ಒರೆಸಬೇಕು. ಇದೆಲ್ಲ ಮಾಡಿದೆವು. ಆದರೆ ನನ್ನ ಕಣ್ಣು ತೆರೆಸಿದ್ದು ನಮ್ಮ ಆಯಮ್ಮ. ಅವರು ಮೈ ಒರೆಸುವ ಮುಂಚೆ ಸುತ್ತ ಪರದೆ ಎಳೆಯುತ್ತಿದ್ದರು. ಸೊಂಟದ ಮೇಲೆ ಬಟ್ಟೆ ಹೊದಿಸಿ, ಅದರ ಒಳಗಿಂದಲೇ ಕೈ ಹಾಕಿ ಒರೆಸುತ್ತಿದ್ದರು. ಆ ಮನುಷ್ಯನಿಗೆ ಎಚ್ಚರವಿಲ್ಲ. ನಾಚಿಕೆ ಗೊತ್ತಾಗುವುದಿಲ್ಲ. ಕೇಳುವವರು ಯಾರೂ ಇಲ್ಲ. "ಯಾಕೆ ಇಷ್ಟೊಂದು?" ಅಂತ ಕೇಳಿದೆ. ಅವರು ಕೆಲಸ ನಿಲ್ಲಿಸಲೂ ಇಲ್ಲ. "ಮನುಷ್ಯ ಅಲ್ವಾ ಸಿಸ್ಟರ್" ಅಂದರು.

ಆಯಮ್ಮ ದೇವರನ್ನು ನಂಬುವವರು. ಆದರೆ ಆ ಹೊತ್ತಿನಲ್ಲಿ ದೇವರ ಹೆಸರು ಅವರ ಬಾಯಿಗೆ ಬರಲಿಲ್ಲ, ಬೇಕಾಗಲೂ ಇಲ್ಲ. ನನಗೂ ಅಷ್ಟೇ. ಆತ ಯಾರು, ಯಾವ ಜಾತಿ, ಒಳ್ಳೆಯವನೋ ಕೆಟ್ಟವನೋ, ಯಾರಿಗಾದರೂ ಬೇಕಾದವನೋ, ಇದ್ಯಾವುದೂ ಗೊತ್ತಿರಲಿಲ್ಲ. ಆದರೂ ಆತನನ್ನು ಹಾಗೇ ಬಿಡುವುದು ತಪ್ಪು ಅನ್ನುವುದರಲ್ಲಿ ಒಂದು ಚೂರೂ ಅನುಮಾನ ಬರಲಿಲ್ಲ. ಮನುಷ್ಯನಿಗೆ ಬೆಲೆ ಇದೆ ಅಂತ ನಾನು ಯಾವ ಶಾಸ್ತ್ರದಿಂದಲೂ ಸಾಧಿಸಿಕೊಂಡು ಆಮೇಲೆ ಕೆಲಸಕ್ಕೆ ಇಳಿದಿದ್ದಲ್ಲ. ಕೆಲಸ ಶುರುವಾಗುವುದೇ ಅಲ್ಲಿಂದ. ಹಾಗಾದರೆ ಆ ಮುದುಕರಿಗೆ ಕೇಳದ ಸಾಕ್ಷಿಯನ್ನು ನನಗೆ ಮಾತ್ರ ಯಾಕೆ ಕೇಳಿಕೊಳ್ಳುತ್ತಿದ್ದೇನೆ? ಈ ಪ್ರಶ್ನೆಯಿಂದ ನನ್ನ ದಾರಿ ತಿರುಗಿತು.

ಆದರೂ ಇದು ಮೈಗೆ ಹತ್ತಲು ಸಮಯ ಬೇಕಾಯಿತು. ದೇವರನ್ನು ಬಿಟ್ಟ ಬಹಳ ಜನ ಆ ಜಾಗದಲ್ಲಿ ದುಡಿಮೆಯನ್ನು ತಂದು ಕೂರಿಸುತ್ತಾರೆ. ನಾನು ನಾಲ್ಕು ಜನರ ಉಪಯೋಗಕ್ಕೆ ಬರುತ್ತೇನೆ, ಅದೇ ನನ್ನ ಬೆಲೆ ಅಂತ. ಕೇಳಲು ಚೆನ್ನಾಗಿದೆ, ಆದರೆ ಅದು ಬಹಳ ಕಾಲ ಬಾಳುವ ಮಾತಲ್ಲ. ರೋಗಿಗಳನ್ನು ಎತ್ತಿ ಇಳಿಸುವ ನಮ್ಮಂಥವರಿಗೆ ಬೆನ್ನು ನೋವು ಕಟ್ಟಿಟ್ಟ ಬುತ್ತಿ. ನನಗೂ ಡಿಸ್ಕ್ ಜಾರಿ, ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ಮಗಳು ನೀರು ತಂದುಕೊಡಬೇಕು, ಗಂಡ ಅಡುಗೆ ಮಾಡಬೇಕು. ಯಾರ ಉಪಯೋಗಕ್ಕೂ ಬರದ ದಿನಗಳು ಅವು. ಆಗ ನೆನಪಾದವರು ಅದೇ ಮುದುಕರು. ಅವರೂ ಯಾರ ಉಪಯೋಗಕ್ಕೂ ಬರುತ್ತಿರಲಿಲ್ಲವಲ್ಲ. ಅವರನ್ನು ಅಳೆದ ಅಳತೆಯಲ್ಲೇ ನನ್ನನ್ನೂ ಅಳೆದುಕೊಳ್ಳಬೇಕು, ಇಲ್ಲದಿದ್ದರೆ ಅದು ನ್ಯಾಯವಲ್ಲ. ಮಲಗಿದಲ್ಲೇ ನನಗೆ ನಾನು ಇದನ್ನು ಹೇಳಿಕೊಂಡೆ. ಒಂದು ಸಲ ಅಲ್ಲ, ದಿನಾ. ಈಗಲೂ ಮನಸ್ಸು ಕುಸಿದಾಗ ನಾನು ಮಾಡುವುದು ಇದನ್ನೇ: ನನ್ನ ಜಾಗದಲ್ಲಿ ಯಾರೋ ಗೊತ್ತಿಲ್ಲದ ರೋಗಿ ಇದ್ದಿದ್ದರೆ ಏನು ಹೇಳುತ್ತಿದ್ದೆ ಅಂತ ಯೋಚಿಸಿ, ಅದೇ ಮಾತನ್ನು ನನಗೆ ಹೇಳಿಕೊಳ್ಳುತ್ತೇನೆ.

ಪ್ರತಿ ವರ್ಷ ನವೆಂಬರ್ 26ರಂದು ಆಸ್ಪತ್ರೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಾರೆ. "ಭಾರತದ ಜನತೆಯಾದ ನಾವು" ಅಂತ ಶುರುವಾಗುತ್ತದೆ, ಮುಂದೆ ವ್ಯಕ್ತಿಗೌರವದ ಮಾತು ಬರುತ್ತದೆ. ಮುಂಚೆ ಯಾಂತ್ರಿಕವಾಗಿ ಓದುತ್ತಿದ್ದೆ. ಆಮೇಲೆ ಅದರ ಹಿಂದಿನ ಚರ್ಚೆ ಓದಿದೆ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಒಂದು ತಿದ್ದುಪಡಿ ತಂದರು. ಪೀಠಿಕೆ "ದೇವರ ಹೆಸರಿನಲ್ಲಿ" ಅಂತ ಶುರುವಾಗಲಿ ಅಂದರು. ಮತಕ್ಕೆ ಹಾಕಿದರು. ಪರವಾಗಿ 41, ವಿರುದ್ಧ 68. ಬಿದ್ದುಹೋಯಿತು. ವಿರೋಧಿಸಿದವರೆಲ್ಲ ನಾಸ್ತಿಕರಾಗಿರಲಿಲ್ಲ. ಹೃದಯನಾಥ ಕುಂಜ್ರು ಅವರಂಥವರು ಇಂಥ ವಿಷಯದಲ್ಲಿ ಯಾರ ಮೇಲೂ ಒತ್ತಾಯ ಬೇಡ ಅಂತ ವಾದಿಸಿದರು. ನಂಬುವವರಿಗೂ ನಂಬದವರಿಗೂ ಗೌರವ ಒಂದೇ ಸಮ ಇರುವ ಹಾಗೆ ಆ ವಾಕ್ಯ ಉಳಿಯಿತು. ಈಗ ಅದನ್ನು ಓದುವಾಗ ನನ್ನ ದನಿ ಗಟ್ಟಿಯಾಗುತ್ತದೆ.

ಆಂಧ್ರದ ಗೋರಾ ಅವರ ಬಗ್ಗೆಯೂ ಆ ಕಾಲದಲ್ಲೇ ಓದಿದ್ದು. ಸಸ್ಯಶಾಸ್ತ್ರದ ಅಧ್ಯಾಪಕರು. 1940ರಲ್ಲಿ ಹೆಂಡತಿ ಸರಸ್ವತಿ ಅವರ ಜೊತೆ ಮುದುನೂರು ಅನ್ನುವ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಕಟ್ಟಿದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂತು. ಅವರ ನಾಸ್ತಿಕತೆ ಬರೀ ಮಾತಿನದಲ್ಲ. ಅಸ್ಪೃಶ್ಯತೆ ಹೋಗಬೇಕು, ಜಾತಿ ಬಿಟ್ಟು ಒಟ್ಟಿಗೆ ಕೂತು ಉಣ್ಣಬೇಕು ಅನ್ನುವುದೇ ಅದರ ಜೀವ. ನನಗೆ ಹಿಡಿಸಿದ್ದು ಇದು. ದೇವರಿಲ್ಲ ಅಂತ ಸಾರಿ, ಆಮೇಲೆ ಮನೆಯಲ್ಲಿ ಜಾತಿ ನೋಡಿ ಲೋಟ ಬೇರೆ ಇಡುವವರನ್ನು ಕಂಡಿದ್ದೇನೆ. ಅಂಥ ನಾಸ್ತಿಕತೆಯಿಂದ ಯಾರಿಗೆ ಏನು ಬಂತು?

ಇನ್ನೊಂದು ಪ್ರಶ್ನೆ ಪದೇ ಪದೇ ಬರುತ್ತದೆ: ನೋಡುವವನು ಇಲ್ಲ ಅಂದ ಮೇಲೆ ಒಳ್ಳೆಯದು ಯಾಕೆ ಮಾಡಬೇಕು? ನೈಟ್ ಡ್ಯೂಟಿ ಮಾಡಿದವರಿಗೆ ಉತ್ತರ ಗೊತ್ತು. ಬೆಳಗಿನ ಜಾವ 3 ಗಂಟೆಗೆ ರೋಗಿಯ ಮಗ್ಗುಲು ಬದಲಿಸಿದಿರೋ ಇಲ್ಲವೋ ಅಂತ ಯಾರೂ ನೋಡುವುದಿಲ್ಲ. ಚಾರ್ಟಿನಲ್ಲಿ ಸುಮ್ನೆ ಟಿಕ್ ಹಾಕಬಹುದು. ಆದರೆ ಬೆಳಿಗ್ಗೆ ಸೊಂಟದ ಹತ್ತಿರ ಚರ್ಮ ಕೆಂಪಾಗಿರುತ್ತದೆ. ಬೆರಳಿಟ್ಟು ಒತ್ತಿದರೂ ಆ ಕೆಂಪು ಹೋಗುವುದಿಲ್ಲ. ನೋವು ಆಗುವುದು ಅವರಿಗೆ. ಅಷ್ಟು ಸಾಕು ನನಗೆ. ಹಾಗೆಯೇ, ಯಾರ ಜೊತೆಗಾದರೂ ಮಾತು ಮೀರಿದರೆ ಹಿಂದೆ ದೇವರಿಗೆ ತಪ್ಪುಕಾಣಿಕೆ ಎತ್ತಿಟ್ಟು ಹಗುರಾಗುವ ರೂಢಿ ಮನೆಯಲ್ಲಿತ್ತು. ಈಗ ಆ ಮನುಷ್ಯರ ಹತ್ತಿರವೇ ಹೋಗಿ ಮಾತಾಡಬೇಕು. ಇದು ಜಾಸ್ತಿ ಕಷ್ಟ, ಆದರೆ ಸಂಬಂಧ ಉಳಿಯುತ್ತದೆ.

ಅಮ್ಮನ ಜೊತೆ ಹೇಗೆ ಅಂತ ಕೇಳಬಹುದು. ಅವಳನ್ನು ದೇವಸ್ಥಾನಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಮಂಡಿ ನೋವಿನವಳು, ಮೆಟ್ಟಿಲು ಹತ್ತುವಾಗ ಕೈ ಹಿಡಿಯುತ್ತೇನೆ. ಕೈ ಮುಗಿ ಅಂತ ಅವಳು ಹೇಳುವುದಿಲ್ಲ, ಬೇಡ ಅಂತ ನಾನೂ ಅವಳಿಗೆ ಹೇಳುವುದಿಲ್ಲ. ಒಮ್ಮೆ ಮಾತ್ರ ಕೇಳಿದಳು: "ಕಷ್ಟ ಬಂದ್ರೆ ಯಾರನ್ನ ಕರೀತೀಯೇ?" "ನಿನ್ನನ್ನ, ಅಕ್ಕಂದಿರನ್ನ, ಇವರನ್ನ, ವಾರ್ಡಿನವರನ್ನ" ಅಂದೆ. ನಂಬದವರು ಇದೊಂದನ್ನು ಕಲಿಯಲೇಬೇಕು. ಸಹಾಯ ಬೇಕಾದಾಗ ಬಾಯಿಬಿಟ್ಟು ಕೇಳಬೇಕು. ಹೇಳದೆ ಅರಿಯುವವನು ನಮಗೆ ಯಾರೂ ಇಲ್ಲ. ಕೇಳುವುದರಿಂದ ನಮ್ಮ ಗೌರವ ಕಮ್ಮಿ ಆಗುವುದಿಲ್ಲ.

ಕಣ್ಣು ದಾನಕ್ಕೆ ಬರೆದುಕೊಟ್ಟಿದ್ದೇನೆ. ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ, ಮಗ ಪುನೀತ್ 2021ರಲ್ಲಿ ಹೋದಾಗ ಅವರ ಕಣ್ಣು ಬೇರೆಯವರಿಗೆ ಬೆಳಕಾದದ್ದು ನಾಡಿಗೇ ಗೊತ್ತು. ಇದಕ್ಕೆ ನಾಸ್ತಿಕರೇ ಆಗಬೇಕಿಲ್ಲ. ಆದರೆ ಸತ್ತ ಮೇಲೆ ಮುಂದೇನೂ ಇಲ್ಲ ಅಂದುಕೊಂಡ ನನಗೆ ಇದು ಬಹಳ ಸಮಾಧಾನ ಕೊಟ್ಟಿತು. ಫಾರಂ ತುಂಬಿದರೆ ಸಾಲದು, ಆ ಹೊತ್ತಿನಲ್ಲಿ ಮನೆಯವರು ಒಪ್ಪಬೇಕು. ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ: ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆಫ್ ಮಾಡಿ, ತಲೆ ಕೆಳಗೆ ದಿಂಬು ಕೊಡಿ, 6 ಗಂಟೆ ಒಳಗೆ ಐ ಬ್ಯಾಂಕಿನವರು ಬರಬೇಕು.

ಒಂದು ವಿಷಯದಲ್ಲಿ ಮಾತ್ರ ನನಗೆ ಇಂದಿಗೂ ಸಮಾಧಾನ ಇಲ್ಲ. ಅನ್ಯಾಯಕ್ಕೆ ಮೇಲೆ ಲೆಕ್ಕ ಚುಕ್ತಾ ಆಗುತ್ತದೆ ಅನ್ನುವ ನೆಮ್ಮದಿ ನನಗಿಲ್ಲ. ಗಂಡನಿಂದ ಹೊಡೆತ ತಿಂದು ಬರುವ ಹೆಣ್ಣುಮಕ್ಕಳು ಎಷ್ಟೋ ಜನ. "ಜಾರಿ ಬಿದ್ದೆ" ಅಂತಾರೆ. ಬ್ಯಾಂಡೇಜ್ ಸುತ್ತುತ್ತಾ ಇನ್ನೊಮ್ಮೆ ಕೇಳಿದರೆ, "ನನ್ನ ಹಣೆಬರಹ ಸಿಸ್ಟರ್, ಹಿಂದಿನ ಜನ್ಮದ ಕರ್ಮ" ಅಂತಾರೆ. ರೋಗಿಗಳ ನಂಬಿಕೆಯನ್ನು ನಾನು ಪ್ರಶ್ನಿಸುವುದಿಲ್ಲ. "ದೇವರು ದೊಡ್ಡವನು" ಅಂದರೆ "ಹೂಂ ಅಮ್ಮ" ಅಂತ ಕೈ ಹಿಡಿದುಕೊಳ್ಳುತ್ತೇನೆ. ಆದರೆ ಹಣೆಬರಹದ ಈ ಮಾತಿಗೆ ಹೂಂ ಅನ್ನಲಾರೆ. "ಇದನ್ನ ನಿಮ್ಮ ಹಣೆಯಲ್ಲಿ ಯಾರೂ ಬರೆದಿಲ್ಲ ಕಣಮ್ಮ, ಹೊಡೆದಿದ್ದು ಒಬ್ಬ ಮನುಷ್ಯ" ಅನ್ನುತ್ತೇನೆ. ಡಾಕ್ಟರಿಗೆ ಹೇಳಿ ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಕಾನೂನಿನ ದಾಖಲೆ, ಮಾಡಿಸುತ್ತೇನೆ. ಮನೆಯೊಳಗಿನ ಹಿಂಸೆ ತಡೆಯಲು 2005ರಲ್ಲೇ ಕಾನೂನು ಬಂದಿದೆ, ಅದರಡಿ ನೆರವಾಗಲು ಸಂರಕ್ಷಣಾಧಿಕಾರಿ ಅಂತ ಇರುತ್ತಾರೆ, ನೊಂದ ಹೆಣ್ಣುಮಕ್ಕಳಿಗಾಗಿ ಇರುವ ಸಖಿ ಕೇಂದ್ರದಲ್ಲಿ ಕೆಲವು ದಿನ ಇರಲು ಜಾಗ ಕೊಡುತ್ತಾರೆ ಅಂತ ತಿಳಿಸುತ್ತೇನೆ. ಸಹಾಯವಾಣಿ ನಂಬರನ್ನು ಚೀಟಿಯಲ್ಲಿ ಬರೆದುಕೊಡುವುದಿಲ್ಲ, ಗಂಡನ ಕೈಗೆ ಸಿಗಬಹುದು. ಮೂರೇ ಅಂಕಿ, 181. ಡ್ರೆಸಿಂಗ್ ಮುಗಿಯುವುದರೊಳಗೆ ಅವರ ಬಾಯಲ್ಲೇ ಎರಡು ಮೂರು ಸಲ ಹೇಳಿಸುತ್ತೇನೆ.