ಇಟಗಿ ಗುಡಿಯಲ್ಲಿ ಮೀಡಿಯಂ ಫಾರ್ಮ್ಯಾಟ್: ವ್ಯೂಫೈಂಡರನ್ನು ಎಷ್ಟು ನಂಬಬೇಕು?

ನಮ್ಮ ಸ್ಟುಡಿಯೋ ಇರುವುದು ಕೊಪ್ಪಳದಲ್ಲಿ. ಮದುವೆ ಸೀಸನ್ ಮುಗಿದ ಮೇಲೆ ನನ್ನ ಮನಸ್ಸೆಲ್ಲ ಇಟಗಿಯ ಮಹಾದೇವ ಗುಡಿಯ ಕಡೆಗೆ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿನ ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಬಳಪದ ಕಲ್ಲು ಮೆತ್ತಗೆ, ಹಾಗಾಗಿ ಕೆತ್ತನೆ ಬಹಳ ಸಣ್ಣದು. ನನ್ನ ಫುಲ್ ಫ್ರೇಮ್ ಕ್ಯಾಮೆರಾದ ಚಿತ್ರವನ್ನು ಗೋಡೆಯಗಲ ಪ್ರಿಂಟ್ ಹಾಕಿದರೆ ಆ ಸಣ್ಣ ಕೆಲಸವೆಲ್ಲ ಮಸುಕಾಗುತ್ತಿತ್ತು. ಅದಕ್ಕೇ ಬೆಂಗಳೂರಿನಿಂದ, ಫುಲ್ ಫ್ರೇಮಿಗಿಂತ ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಇರುವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 50ಎಸ್ ಬಾಡಿಗೆಗೆ ತರಿಸಿದೆ. ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆದಿದ್ದೆ.

ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ಇದರದ್ದು 43.8×32.9. ಅಂದರೆ ಸುಮಾರು 1.67 ಪಟ್ಟು ಜಾಗ, ಅದರಲ್ಲಿ 5.14 ಕೋಟಿ ಪಿಕ್ಸೆಲ್. ಬೆಳಕು ಹಿಡಿಯುವ ಜಾಗ ಜಾಸ್ತಿ ಇರುವುದರಿಂದ ಕತ್ತಲಲ್ಲಿರುವ ಕೆತ್ತನೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದರೂ ಕಾಳುಕಾಳಾಗುವುದಿಲ್ಲ. ಗುಡಿಯ ಕೆಲಸಕ್ಕೆ ಇದೊಂದೇ ಸಾಕು ಅನ್ನಿಸುವಷ್ಟು ದೊಡ್ಡ ಲಾಭ. ತೆರೆದ ಮಂಟಪದ ಕಂಬಕ್ಕೆ ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಕತ್ತಲು ಅಲ್ವಾ?

ಆದರೆ ನಾನು ಮುಖ್ಯವಾಗಿ ಹೇಳಬೇಕಿರುವುದು ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯ ಬಗ್ಗೆ. ಇದರಲ್ಲಿ ಕನ್ನಡಿ ಇಲ್ಲ. ಕಣ್ಣಿಗೆ ಕಾಣುವುದು ಸೆನ್ಸರ್ ಕಳಿಸುವ ಚಿತ್ರ, ಒಂದು ಪುಟ್ಟ ಪರದೆಯ ಮೇಲೆ. ಆ ಪರದೆಗೆ 36.9 ಲಕ್ಷ ಡಾಟ್ ಎನ್ನುತ್ತಾರೆ. ಕೆಂಪು, ಹಸಿರು, ನೀಲಿ ಸೇರಿ ಮೂರು ಡಾಟಿಗೆ ಒಂದು ಪಿಕ್ಸೆಲ್. ಅಲ್ಲಿಗೆ 1280×960, ಸುಮಾರು 12.3 ಲಕ್ಷ ಪಿಕ್ಸೆಲ್. ಸೆನ್ಸರಿನಲ್ಲಿ ಇರುವುದು 5.14 ಕೋಟಿ. ಅಂದರೆ ಸೆನ್ಸರಿನ ನಲವತ್ತಕ್ಕೂ ಹೆಚ್ಚು ಪಿಕ್ಸೆಲ್‌ಗಳಿಗೆ ವ್ಯೂಫೈಂಡರಿನಲ್ಲಿ ಒಂದೇ ಒಂದು! ಅದರಲ್ಲಿ ಚೂಪಾಗಿ ಕಂಡಿದ್ದು ಪ್ರಿಂಟಿನಲ್ಲೂ ಚೂಪಾಗಿರುತ್ತದೆ ಅಂತ ಹೇಳಲು ಬರುವುದಿಲ್ಲ.

ಜೊತೆಗೆ ಬಂದಿದ್ದ ಹುಡುಗ ಒಮ್ಮೆ ಕಣ್ಣಿಟ್ಟು ನೋಡಿ, “ಅಣ್ಣಾ, ಎಲ್ಲಾ ಚಲೋ ಕಾಣಾಕತ್ತೈತಲ್ರೀ, ಒತ್ತಿಬಿಡ್ರಿ” ಅಂದ. ನಾನು ಹಿಂದಿನ ಡಯಲ್ ಒತ್ತಿ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದೆ. ಕೀರ್ತಿಮುಖದ ಹಲ್ಲು ಸರಿಯಾಗಿತ್ತು, ಕಣ್ಣಿನ ಅಂಚು ಮಸುಕಾಗಿತ್ತು. ದೊಡ್ಡದು ಮಾಡಿದಾಗ ಆ ಸಣ್ಣ ಭಾಗವನ್ನು ಮಾತ್ರ ವಿವರವಾಗಿ ತೋರಿಸುತ್ತದೆ, ಫೋಕಸ್ ಎಲ್ಲಿದೆ ಎಂದು ಆಗಲೇ ತಿಳಿಯುವುದು. ಹಾಗಾಗಿ ನಾನು ಮಾಡಿದ ಕ್ರಮ ಇಷ್ಟೇ: ಲೆನ್ಸ್ ಪೂರ್ತಿ ತೆರೆದು, ದೊಡ್ಡದು ಮಾಡಿ, ಕೈಯಲ್ಲೇ ಫೋಕಸ್. ಆಮೇಲೆ ಲೆನ್ಸಿನ ತೆರವನ್ನು ಎಫ್/11ಕ್ಕೆ ಕಿರಿದು ಮಾಡುವುದು. ದೊಡ್ಡ ಸೆನ್ಸರಿನಲ್ಲಿ ಫೋಕಸ್ ಆಳ (ಹಿಂದೆ ಮುಂದೆ ಚೂಪಾಗಿ ಕಾಣುವಷ್ಟು ದೂರ) ಕಮ್ಮಿ, ಬಿಟ್ಟುಕೊಡುವ ಅವಕಾಶವೇ ಇಲ್ಲ.

ಬೆಳಕಿನ ವಿಷಯದಲ್ಲೂ ಅಷ್ಟೇ. ಪರದೆಯಲ್ಲಿ ಕಾಣುವುದು ಕ್ಯಾಮೆರಾ ಅಡುಗೆ ಮಾಡಿ ಬಡಿಸಿದ ಜೆಪೆಗ್. ರಾ ಫೈಲ್‌ನಲ್ಲಿ, ಅಂದರೆ ಸೆನ್ಸರ್ ಕೊಟ್ಟ ಹಸಿ ಮಾಹಿತಿಯಲ್ಲಿ, ಅದಕ್ಕಿಂತ ಎಷ್ಟೋ ಹೆಚ್ಚು ಇರುತ್ತದೆ. ಕತ್ತಲು-ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ಹಿಸ್ಟೋಗ್ರಾಂ ನಕ್ಷೆ ಕೂಡ ಆ ಜೆಪೆಗ್‌ನದ್ದೇ. ಅದಕ್ಕೆ ಫಿಲ್ಮ್ ಸಿಮ್ಯುಲೇಶನ್ (ಜೆಪೆಗ್ ಚಿತ್ರದ ಬಣ್ಣ-ಛಾಯೆಯ ಸೆಟ್ಟಿಂಗ್) ಅನ್ನು ಪ್ರೊ ನೆಗೆಟಿವ್ ಸ್ಟ್ಯಾಂಡರ್ಡ್‌ಗೆ ಇಟ್ಟು, ಹೈಲೈಟ್ ಮತ್ತು ಶ್ಯಾಡೋ ಎರಡನ್ನೂ -2ಕ್ಕೆ ಇಳಿಸಿದೆ. ಚಿತ್ರ ಸಪ್ಪೆ ಕಾಣುತ್ತದೆ, ಕಾಣಲಿ. ಹಿಸ್ಟೋಗ್ರಾಂ ರಾ ಫೈಲಿಗೆ ಹತ್ತಿರ ಬರುತ್ತದೆ. ಬಿಸಿಲು ಬಿದ್ದ ಕಲ್ಲು ಸುಡದಂತೆ ಎಕ್ಸ್‌ಪೋಶರ್ ಇಟ್ಟು, ನೆರಳನ್ನು ಆಮೇಲೆ ಎತ್ತಿದೆ. ವ್ಯೂಫೈಂಡರಿನ ಬೆಳಕನ್ನು ಆಟೋದಲ್ಲಿ ಬಿಡಲಿಲ್ಲ. ನಮ್ಮ ಕಡೆಯ ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಎಲ್ಲವೂ ಕಪ್ಪಾಗಿಯೇ ಕಾಣುತ್ತದೆ, ಸುಮ್ನೆ ಎಕ್ಸ್‌ಪೋಶರ್ ಜಾಸ್ತಿ ಮಾಡಬೇಕು ಅನ್ನಿಸುತ್ತದೆ.

ಈ ಕ್ಯಾಮೆರಾದಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದಿದೆ. ಇದರ ವ್ಯೂಫೈಂಡರನ್ನು ಬಿಚ್ಚಬಹುದು. ನಡುವೆ ಒಂದು ಟಿಲ್ಟ್ ಅಡಾಪ್ಟರ್ ಹಾಕಿದರೆ ಮೇಲಕ್ಕೆ ತಿರುಗುತ್ತದೆ. ಮಂಟಪದ ಒಳಛಾವಣಿಯ ಬಳ್ಳಿ ಕೆತ್ತನೆ ತೆಗೆಯಲು ನೆಲದ ಮೇಲೆ ಮಲಗಬೇಕಾಗಿಲ್ಲ. ಕ್ಯಾಮೆರಾ ನೇರ ಮೇಲೆ ನೋಡುತ್ತಿದ್ದರೂ ನಾನು ಕೂತು, ಆರಾಮಾಗಿ ಅಂಚಿನಿಂದ ಅಂಚಿಗೆ ಫ್ರೇಮ್ ಸರಿಮಾಡಿದೆ. ಸಣ್ಣ ಕೆತ್ತನೆಯ ಮೇಲೆ ಕೆಲವೊಮ್ಮೆ ಅಲೆಅಲೆಯಂತೆ ಮಿನುಗು ಕಾಣುತ್ತದೆ. ಅದು ಪರದೆಯಲ್ಲಿ ಪಿಕ್ಸೆಲ್ ಕಮ್ಮಿ ಇರುವುದರಿಂದ, ಫೈಲಿನಲ್ಲಿ ಬಹುತೇಕ ಇರುವುದಿಲ್ಲ.

ಎಲೆಕ್ಟ್ರಾನಿಕ್ ಶಟರ್ (ಶಟರಿನ ಪರದೆ ಚಲಿಸದೆ ಸೆನ್ಸರನ್ನೇ ಸಾಲುಸಾಲಾಗಿ ಓದುವುದು) ಬಳಸಲಿಲ್ಲ. ಈ ಸೆನ್ಸರ್ ಓದುವುದು ನಿಧಾನ. ಒಳಗೆ ಟ್ಯೂಬ್‌ಲೈಟ್ ಹಚ್ಚಿದ್ದರೆ ಚಿತ್ರದಲ್ಲಿ ಪಟ್ಟಿ ಬೀಳುತ್ತದೆ. ಬ್ಯಾಟರಿ ಮಾತ್ರ ಎರಡು ಮೂರು ಇರಲಿ, ಸೆನ್ಸರ್ ಮತ್ತು ಪರದೆ ಎರಡೂ ಸದಾ ಓಡುತ್ತಿರುತ್ತವೆ.

ಹೊಸ ಮಾದರಿಗಳಲ್ಲಿ ಈ ಅಂತರ ಮುಗಿದಿದೆಯೇ ಎಂದು ಲೆಕ್ಕ ಹಾಕಿ ನೋಡಿದೆ. 2022ರ ಹ್ಯಾಸಲ್‌ಬ್ಲಾಡ್ ಎಕ್ಸ್2ಡಿಯಲ್ಲಿ 57.6 ಲಕ್ಷ ಡಾಟ್, ಆದರೆ ಸೆನ್ಸರ್ 10 ಕೋಟಿ ಪಿಕ್ಸೆಲ್. ಅಂತರ ಇನ್ನೂ ಹೆಚ್ಚೇ ಆಯಿತು. 2023ರ ಜಿಎಫ್‌ಎಕ್ಸ್ 100 ಮಾರ್ಕ್ 2ರಲ್ಲಿ 94.4 ಲಕ್ಷ ಡಾಟ್ ಇರುವುದರಿಂದ ಮೂವತ್ತಕ್ಕೆ ಒಂದರ ಹತ್ತಿರ ಬರುತ್ತದೆ. ಕುಕನೂರಿನ ನವಲಿಂಗ ಗುಡಿಗೆ ಹೋಗುವಾಗ ಅದನ್ನೇ ಕೊಡಿ ಎಂದು ಬಾಡಿಗೆಯವರಿಗೆ ಹೇಳಿಟ್ಟಿದ್ದೇನೆ. ದೊಡ್ಡದು ಮಾಡಿಯೇ ಫೋಕಸ್ ಮಾಡುವುದಂತೂ ಅದರಲ್ಲೂ ಬಿಡುವುದಿಲ್ಲ.